ಸಬ್‌ವೂಫರ್ ಕೋನ್ ತೂತಾಯ್ತಾ? ತೇಪೆಯೋ, ರೀಕೋನೋ

ಕಾರಿನ ಡಿಕ್ಕಿಯಲ್ಲಿ ಸಬ್‌ವೂಫರ್ (ಬೇಸ್ ಸದ್ದಿನ ಸ್ಪೀಕರ್) ಬಾಕ್ಸ್ ಕೂರಿಸುವಾಗ ಡ್ರಿಲ್ ಬಿಟ್ ಸ್ಕ್ರೂ ತಲೆಯಿಂದ ಜಾರಿ ಕೋನ್‌ಗೆ, ಅಂದ್ರೆ ಸದ್ದಿಗೆ ಅದುರುವ ಮುಂಭಾಗಕ್ಕೆ, ಚುಚ್ಚೋದು ಮಾಮೂಲಿ. ಪೇಪರ್ ಕೋನ್, ಉಗುರಿನಷ್ಟು ತೂತು ಅಂದ್ರೆ ತೇಪೆ ಸಾಕು: ಟಿಶ್ಯೂ ಚೂರಿಗೆ ನೀರು ಬೆರೆಸಿದ ಫೆವಿಕಾಲ್ ಸವರಿ ಎರಡೂ ಬದಿ ಅಂಟಿಸಿ, ರಾತ್ರಿಯಿಡೀ ಒಣಗಲು ಬಿಡಿ. ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಕೋನ್ ಆದ್ರೆ ಫೆವಿಕಾಲ್ ಹಿಡಿಯೋದೇ ಇಲ್ಲ. ಅಂಚಿನ ರಬ್ಬರ್ ಹರಿದಿದ್ರೆ ಒಣಗಿದ ಮೇಲೂ ಬಾಗುವ ಅಂಟೇ ಬೇಕು. ಫೆವಿಕ್ವಿಕ್ ಗಟ್ಟಿಯಾಗಿ ಬಿರುಕು ಬಿಡುತ್ತೆ.

ರೀಕೋನ್, ಅಂದ್ರೆ ಹಳೇ ಕೋನ್ ತೆಗೆದು ಹೊಸದು ಹಾಕಿಸೋದು, ದುಬಾರಿ. ಆದರೆ ವಾಯ್ಸ್ ಕಾಯಿಲ್ (ಕೋನ್ ಹಿಂದಿನ ತಂತಿ ಸುರುಳಿ), ಸ್ಪೈಡರ್ (ಆ ಸುರುಳಿಯನ್ನು ನಡುವಲ್ಲಿ ಹಿಡಿದಿಡುವ ಬಳೆ) ಕೂಡ ಹೊಸದು. ಮೊದಲು ಎರಡೂ ಕೈಯಿಂದ ಕೋನನ್ನು ಮೆಲ್ಲಗೆ ಸಮವಾಗಿ ಒತ್ತಿ ನೋಡಿ: ಕರಕರ ಅಂದ್ರೆ ಕಾಯಿಲ್ ಉಜ್ಜುತ್ತಿದೆ, ತೇಪೆ ದಂಡ. ಅಗ್ಗದ ಸಬ್‌ಗೆ ರೀಕೋನೂ ದಂಡವೇ, ಹೊಸದೇ ವಾಸಿ.

ಕೂರಿಸುವಾಗ ಕೋನ್ ಮೇಲೆ ದಪ್ಪ ರಟ್ಟು ಮುಚ್ಚಿ. ಕೊನೆಯ ಸುತ್ತು ಡ್ರಿಲ್ ಬೇಡ, ಕೈಯಲ್ಲೇ ತಿರುಗಿಸಿ.