ಅಗ್ಗದ ಹ್ಯಾಂಡಿ: ಒಂದು ಕಡೆ ಮಾತು, ಮೂರು ಕಡೆ ಸದ್ದು

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದವರು ಮೊದಲು ಕೊಳ್ಳುವುದೇ ಎರಡು ಸಾವಿರ ಚಿಲ್ಲರೆಯ ಡ್ಯುಯಲ್ ಬ್ಯಾಂಡ್ ಹ್ಯಾಂಡಿ, ಅಂದರೆ ಎರಡು ತರಂಗ ಪಟ್ಟಿಗಳಲ್ಲಿ ಮಾತಾಡುವ ಕೈ ರೇಡಿಯೊ. ನಾನೂ ಒಂದು ತಂದೆ. ಬ್ರಾಂಡ್ ಹೆಸರು ಬೇಡ ಬಿಡಿ. ಬ್ಯಾಟರಿ ಚೆನ್ನಾಗಿದೆ, ಟಾರ್ಚ್ ಬೇರೆ ಕೊಟ್ಟಿದ್ದಾರೆ. ಸಿಗ್ನಲ್ ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ರಿಪೀಟರ್‌ನಲ್ಲಿ "ಆಡಿಯೊ ಸೂಪರ್, ಓಎಂ" (ಹ್ಯಾಮ್ ಭಾಷೆಯಲ್ಲಿ ಗೆಳೆಯ) ಅಂದರು. ಒಂದು ತಿಂಗಳು ಖುಷಿಯಾಗಿಯೇ ಇದ್ದೆ.

ಒಂದು ಭಾನುವಾರ ತಾರಸಿಯ ಆಂಟೆನಾ ಸಿಕ್ಕಿಸಿ 145.000 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತಿದ್ದೆ. ಎರಡು ಬೀದಿ ಆಚೆಯ ಗೆಳೆಯನ ಫೋನ್ ಬಂತು: "ಅಣ್ಣಾ, ನೀವು 435ರಲ್ಲೂ ಬರ್ತಿದ್ದೀರಿ. ದನಿ ಮಾತ್ರ ಒಡೆದುಹೋಗಿದೆ."

145ನ್ನು ಮೂರರಿಂದ ಗುಣಿಸಿ, 435. ಮೂಲ ಆವರ್ತನದ ಎರಡು ಪಟ್ಟು, ಮೂರು ಪಟ್ಟಿನಲ್ಲಿ ಏಳುವ ಬೇಡದ ಸಿಗ್ನಲ್ಲೇ ಹಾರ್ಮೋನಿಕ್; ಮೂರನೆಯದು ನೇರವಾಗಿ ನಮ್ಮದೇ 70 ಸೆಂಟಿಮೀಟರ್ ಬ್ಯಾಂಡಿಗೆ (ಹ್ಯಾಂಡಿಯ ಎರಡನೇ ಬ್ಯಾಂಡ್) ಬೀಳುತ್ತದೆ. ಜೊತೆಗೆ ಎಫ್‌ಎಂ ಡೀವಿಯೇಶನ್ನೂ (ದನಿಗೆ ತಕ್ಕಂತೆ ಆವರ್ತನ ಅತ್ತಿತ್ತ ಸರಿಯುವ ಅಳತೆ) ಮೂರು ಪಟ್ಟಾಗುತ್ತದೆ, 5 ಕಿಲೋಹರ್ಟ್ಸ್ ಇದ್ದದ್ದು 15. ಅಷ್ಟು ಅಗಲ ರಿಸೀವರ್‌ಗೆ ಹಿಡಿಸದು, ದನಿ ಒಡೆಯದೆ ಇನ್ನೇನು? ತಾರಸಿಯ ಕ್ವಾರ್ಟರ್ ವೇವ್ (ತರಂಗದ ಕಾಲು ಭಾಗ ಉದ್ದದ) ಆಂಟೆನಾ ಇನ್ನೂ ಸಹಾಯ ಮಾಡಿತ್ತು. 145ಕ್ಕೆ ಕತ್ತರಿಸಿದ ಕಡ್ಡಿ 435ರಲ್ಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಸಂಜೆ, ಯಾವ ಆವರ್ತನದಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ಗ್ರಾಫಿನಲ್ಲಿ ತೋರಿಸುವ ಅವನ ಟೈನಿಎಸ್‌ಎ ತಂದು ಅಳೆದೆವು. ನೇರವಾಗಿ 5 ವ್ಯಾಟ್ ಕೊಟ್ಟರೆ ಆ ಪುಟ್ಟ ಅನಲೈಸರ್ ಸುಟ್ಟೇ ಹೋಗುತ್ತದೆ, ಹಾಗಾಗಿ ನಡುವೆ ಶಕ್ತಿಯನ್ನು ಹತ್ತು ಸಾವಿರ ಪಟ್ಟು ತಗ್ಗಿಸುವ 40 ಡಿಬಿ ಅಟೆನ್ಯುಯೇಟರ್. ಮಾತಾಡುವ ಗುಂಡಿ (ಪಿಟಿಟಿ) ಒತ್ತಿದ ತಕ್ಷಣ 145ರ ಗೋಪುರ ಎದ್ದಿತು. ಅದರ ಬಲಕ್ಕೆ 290ರಲ್ಲಿ ಇನ್ನೊಂದು, ಬರೀ 30 ಡಿಬಿ (ಸಾವಿರ ಪಟ್ಟು) ಗಿಡ್ಡ. ಅಂದರೆ 5 ಮಿಲಿವ್ಯಾಟ್. ಇಂಥ ಸೆಟ್ಟಿಗೆ ಅಮೆರಿಕದ ನಿಯಮ ಬಿಡುವುದು 25 ಮೈಕ್ರೊವ್ಯಾಟ್, ಇದು ಇನ್ನೂರು ಪಟ್ಟು ಜಾಸ್ತಿ! 290 ಅಂದರೆ ಹಲವು ದೇಶಗಳಲ್ಲಿ ಮಿಲಿಟರಿ ವಿಮಾನಗಳು ಮಾತಾಡುವ ಜಾಗ, ಸುಮ್ನೆ ಬಿಡುವಂಥದ್ದಲ್ಲ. ಗೆಳೆಯನ ಹಳೇ ಜಪಾನಿ ಸೆಟ್ಟನ್ನು ಅದೇ ಕೇಬಲ್ಲಿಗೆ ಹಾಕಿದರೆ 290ರಲ್ಲಿ ನಾಯ್ಸ್ ಬಿಟ್ಟು ಏನೂ ಕಾಣಲಿಲ್ಲ.

ಎನಾಮೆಲ್ ತಂತಿ ಸುತ್ತಿ ಕೆಳಗಿನ ಆವರ್ತನ ಮಾತ್ರ ಬಿಡುವ ಒಂದು ಲೋ ಪಾಸ್ ಫಿಲ್ಟರ್ ಮಾಡಿದೆ. ಎರಡನೇ ಗೋಪುರ ಮಲಗಿತು. ಆದರೆ 145 ಬಿಟ್ಟು 290 ತಡೆಯುವ ಫಿಲ್ಟರ್ 435ನ್ನೂ ತಡೆಯುತ್ತದೆ ಅಲ್ವಾ? ಡ್ಯುಯಲ್ ಬ್ಯಾಂಡಿಗೆ ದುಡ್ಡು ಕೊಟ್ಟು ಒಂದೇ ಬ್ಯಾಂಡ್ ಉಳಿಯಿತು. ಮೇಲಾಗಿ ಹ್ಯಾಂಡಿಯ ತಲೆಗೆ ಡಬ್ಬಿ ನೇತುಹಾಕಿಕೊಂಡು ಓಡಾಡಲು ಆಗುತ್ತದೆಯೇ?

ನ್ಯಾಯವಾಗಿ ಒಂದು ಮಾತು ಹೇಳಬೇಕು. ಇನ್ನೊಬ್ಬರ ಅದೇ ಮಾಡೆಲ್ಲು ಅಳೆದಾಗ 290ರದ್ದು 48 ಡಿಬಿ ಕೆಳಗಿತ್ತು. ಒಂದು ಪೀಸಿನ ಹಾಗೆ ಇನ್ನೊಂದಿಲ್ಲ. ಕೇಳುವುದಕ್ಕೆ, ಕಲಿಯುವುದಕ್ಕೆ ಧಾರಾಳವಾಗಿ ಕೊಳ್ಳಿ. ತಾರಸಿಯ ಆಂಟೆನಾಗೆ ಜೋಡಿಸುವ ಮೊದಲು ಯಾರ ಹತ್ತಿರವಾದರೂ ಅಳೆಸಿ.

ಗ್ರಾಫಿನ ಫೋಟೊ ಅಂಗಡಿಯವರಿಗೆ ಕಳಿಸಿದ್ದೆ. "ಸಾರ್, ಮಾತು ಕೇಳಿಸ್ತಿದೆ ತಾನೇ?" ಅಂತ ಉತ್ತರ ಬಂತು.