ಮರದ ಸ್ಟಾಕ್, ಅಲ್ಯೂಮಿನಿಯಂ ಚಾಸಿ, ಮೂರು ಬಗೆಯ ಮಟ್ಟ

ನನ್ನ .22 ರೈಫಲ್ ಒಂದೇ, ಅದನ್ನು ಕೂರಿಸುವ ಸ್ಟಾಕ್ (ಕೈಯಲ್ಲಿ ಹಿಡಿದು ಭುಜಕ್ಕೆ ಒರಗಿಸುವ ಭಾಗ) ಮಾತ್ರ ಎರಡು. ಹಳೆಯದು ವಾಲ್‌ನಟ್ ಮರದ್ದು, ಹೊಸದು ಅಲ್ಯೂಮಿನಿಯಂ ಚಾಸಿ. ಪುಣೆಯ ಬಾಲೇವಾಡಿ ರೇಂಜಿನಲ್ಲಿ ಒಂದು ಮಳೆಗಾಲ, ಒಂದು ಚಳಿಗಾಲ 50 ಮೀಟರಿಗೆ ಮಲಗಿ, ಎರಡನ್ನೂ ಬದಲಿಸಿ ಬದಲಿಸಿ ಹೊಡೆದೆ. ಹಗಲೆಲ್ಲ ಭೋಸರಿಯ ಟೂಲ್‌ರೂಮಿನಲ್ಲಿ ಡಯಲ್ ಗೇಜ್ (ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಹಿಡಿದು ಕೂರುವವನು ನಾನು. ಹಾಗಾಗಿ ಅಳೆಯದೆ ಯಾವುದನ್ನೂ ನಂಬುವ ಸ್ವಭಾವವಿಲ್ಲ.

ಮರದ ಸ್ಟಾಕಿಗೆ ಎಪಾಕ್ಸಿ ಬೆಡ್ಡಿಂಗ್, ಅಂದರೆ ಆಕ್ಷನ್ (ಬೋಲ್ಟ್ ಓಡುವ ಲೋಹದ ಭಾಗ) ಅಲುಗದೆ ಕೂರುವ ಹಾಸು, ನಾನೇ ಹಾಕಿದೆ. ಬೋಲ್ಟ್ ತೆಗೆದಿಟ್ಟು, ಚೇಂಬರ್ ಖಾಲಿ ಇದೆಯೆಂದು ಎರಡು ಸಲ ನೋಡಿ, ಆಕ್ಷನ್ನಿನ ಹೊಟ್ಟೆಗೆಲ್ಲ ಬೂಟ್ ಪಾಲಿಶ್ ಬಳಿದೆ. ಎಪಾಕ್ಸಿ ಲೋಹಕ್ಕೆ ಅಂಟದಿರಲಿ ಅಂತ. ಮುಂದಿನ ಸ್ಕ್ರೂವಿನ ಹಲ್ಲುಗಳಿಗೆ ಬಳಿಯುವುದು ಮರೆತೇ ಹೋಯಿತು. ಮರುದಿನ ಸ್ಕ್ರೂ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೊನೆಗೆ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಒತ್ತಿ ಹಿಡಿದೆ. ಐದಾರು ನಿಮಿಷಕ್ಕೆ ಎಪಾಕ್ಸಿ ಮೆತ್ತಗಾಗಿ, ಸುಟ್ಟ ಪಾಲಿಶಿನ ವಾಸನೆಯ ಜತೆ ಸ್ಕ್ರೂ ಟಕ್ಕೆಂದು ಸಡಿಲಾಯಿತು. ಹೆಂಡತಿ ಎರಡು ದಿನ ಅಡುಗೆಮನೆ ಕಿಟಕಿ ಮುಚ್ಚಲಿಲ್ಲ.

ಆಕ್ಷನ್ ಎಲ್ಲೂ ಬಾಗದೆ ಕೂತಿದೆಯೇ ಎಂದು ನೋಡುವುದು ಸುಲಭ. ಡಯಲ್ ಗೇಜನ್ನು ಸ್ಟಾಕಿನ ಮುಂಭಾಗಕ್ಕೆ ಕಟ್ಟಿ, ಅದರ ತುದಿಯನ್ನು ಬ್ಯಾರಲ್ಲಿಗೆ ತಾಗಿಸಿ, ಮುಂದಿನ ಸ್ಕ್ರೂ ಸಡಿಲಿಸಬೇಕು. ಮುಳ್ಳು 0.05 ಮಿಲಿಮೀಟರಿಗಿಂತ ಹೆಚ್ಚು ಓಡಿದರೆ, ಸ್ಕ್ರೂ ಬಿಗಿಯುವಾಗ ಆಕ್ಷನ್ ಬಾಗುತ್ತಿದೆ ಅಂತ ನನ್ನ ಲೆಕ್ಕ. ಬೆಡ್ಡಿಂಗಿಗೆ ಮೊದಲು ಮರದಲ್ಲಿ 0.18 ಬಂದಿತ್ತು, ಆಮೇಲೆ 0.03. ಖುಷಿಪಟ್ಟೆ. ಜುಲೈ ಬಂತು, ಮತ್ತೆ 0.09. ಜನವರಿಯಲ್ಲಿ ಬ್ಯಾರಲ್ಲಿನ ಕೆಳಗೆ ಸಲೀಸಾಗಿ ಓಡುತ್ತಿದ್ದ ಹತ್ತು ರೂಪಾಯಿ ನೋಟು ಆಗ ಎಡಬದಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಪುಣೆಯ ಮಳೆ ಕುಡಿದ ಮರ ಉಬ್ಬಿತ್ತು, ಅಷ್ಟೇ.

ಚಾಸಿ ಮಳೆಗೆ ಜಗ್ಗಲಿಲ್ಲ. ಆದರೆ 'ಇಟ್ಟು ಬಿಗಿದರೆ ಮುಗಿಯಿತು' ಎಂಬ ಮಾತು ಸುಳ್ಳು. ಮೊದಲ ಸಲ 0.12 ಬಂತು. (ಗೇಜಿನ ಮ್ಯಾಗ್ನೆಟಿಕ್ ಸ್ಟ್ಯಾಂಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ ಎನ್ನುವುದು ನನ್ನಂಥವನಿಗೂ ಆಗಲೇ ಹೊಳೆದದ್ದು, ಕ್ಲ್ಯಾಂಪ್ ಹಾಕಿದೆ.) ಬಿಚ್ಚಿ ಬೆಳಕಿಗೆ ಹಿಡಿದರೆ, ವಿ ಆಕಾರದ ಗ್ರೂವಿನ ಅಂಚಿನಲ್ಲಿ ಕೂದಲೆಳೆಯಷ್ಟು ಬರ್ (ಲೋಹದ ಏಣು). ಸುಮ್ಮನೆ ನೋಡಿದರೆ ಕಣ್ಣಿಗೆ ಕಾಣದು, ಉಗುರಿಗೆ ತಾಗುತ್ತದೆ. ಎಣ್ಣೆಕಲ್ಲಿನಿಂದ ಎರಡು ಸಲ ಉಜ್ಜಿದ ಮೇಲೆ 0.02. ಈಗ ಪ್ರತಿ ಸಲವೂ ರೈಫಲ್ಲನ್ನು ಬಟ್ಟಿನ (ಭುಜಕ್ಕೊರಗುವ ತುದಿಯ) ಮೇಲೆ ನೆಟ್ಟಗೆ ನಿಲ್ಲಿಸಿ, ರಿಕಾಯಿಲ್ ಲಗ್ (ಗುಂಡಿನ ಒದೆತವನ್ನು ಸ್ಟಾಕಿಗೆ ದಾಟಿಸುವ ಚಾಚು) ಹಿಂದಕ್ಕೆ ತಾಗುವಂತೆ ಕೂರಿಸಿ, ಆಮೇಲೆ ಎರಡೂ ಸ್ಕ್ರೂಗಳನ್ನು ಅದಲುಬದಲಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತೇನೆ. ಅಳತೆಗೆ ಟಾರ್ಕ್ ಸ್ಕ್ರೂಡ್ರೈವರ್, ಕೈಯಂದಾಜಲ್ಲ.

ಇನ್ನು ಮಟ್ಟ. ಗ್ರೂವಿನಲ್ಲಿ ದುಂಡನೆಯ ಆಕ್ಷನ್ ಬಿಗಿಯುವ ಮುನ್ನ ಎಡಕ್ಕೂ ಬಲಕ್ಕೂ ಉರುಳಬಲ್ಲದು. ಈ ರಗಳೆ ಚಾಸಿಯದ್ದೇ. ಮೊದಲು ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಎರಡು ಪುಟ್ಟ ರಸಮಟ್ಟ ಕೊಂಡೆ, ಒಂದು ಚಾಸಿಯ ಮೇಲೆ, ಒಂದು ಆಕ್ಷನ್ನಿನ ರೈಲ್ (ಗುರಿ ನೋಡುವ ಸೈಟ್ ಕೂರಿಸುವ ಪಟ್ಟಿ) ಮೇಲೆ. ಜತೆಗೆ ಶೂಟಿಂಗ್ ಮಾಡುವ ವಿಜಯಪುರದ ಹುಡುಗಿ ಬಗ್ಗಿ ನೋಡಿ, "ಕಾಕಾ, ಗುಳ್ಳಿ ನಡುವ ನಿಂತೈತ್ರೀ, ಇನ್ನೇನ್ ನೋಡಾಕತ್ತೀರಿ?" ಅಂದಳು. ರಸಮಟ್ಟವನ್ನು ಹಿಂದುಮುಂದು ತಿರುಗಿಸಿಟ್ಟೆ. ಗುಳ್ಳೆ ಗೆರೆ ದಾಟಿ ಆಚೆ ಹೋಯಿತು. ಸುಳ್ಳು ಹೇಳುತ್ತಿದ್ದುದು ರೈಫಲ್ಲಲ್ಲ.

ತೂಗುಗುಂಡು ಎರಡನೆಯದು, ಇಲ್ಲಿನ ಗೌಂಡಿಗಳು ಓಳಂಬಾ ಅನ್ನುತ್ತಾರೆ. ಬಾಲ್ಕನಿಯಲ್ಲಿ ದಾರಕ್ಕೆ ನಟ್ ಕಟ್ಟಿ, ಹಿಂದಿನಿಂದ ಒಂದೇ ಕಣ್ಣಲ್ಲಿ ಬೋಲ್ಟಿನ ನಡು, ಬಟ್ಟಿನ ನಡು ಹೊಂದಿಸಿದೆ. ದಾರ ಸುಳ್ಳು ಹೇಳುವುದಿಲ್ಲ, ಗಾಳಿ ಹೇಳಿಸುತ್ತದೆ.

ಗೆದ್ದದ್ದು ಮೂರನೆಯದು. ಗ್ರೈಂಡ್ ಮಾಡಿದ 100 ಮಿಲಿಮೀಟರ್ ಪಟ್ಟಿಯನ್ನು ರೈಲ್ ಮೇಲೆ ಅಡ್ಡಲಾಗಿಟ್ಟು, ಅದರ ಎರಡೂ ತುದಿಯಿಂದ ಚಾಸಿಯ ಮಿಲ್ಲಿಂಗ್ ಮಾಡಿದ ಅಂಚಿಗೆ ಇರುವ ಎತ್ತರವನ್ನು ವರ್ನಿಯರಿನಲ್ಲಿ ಅಳೆಯುವುದು. ಎರಡು ಅಳತೆಗಳ ನಡುವೆ 1.75 ಮಿಲಿಮೀಟರ್ ವ್ಯತ್ಯಾಸವಿದ್ದರೆ ಆಕ್ಷನ್ ಒಂದು ಡಿಗ್ರಿ ವಾಲಿದೆ. ಮೇಜು ಸೊಟ್ಟಗಿದ್ದರೂ ಚಿಂತೆಯಿಲ್ಲ, ಭೂಮಿಯನ್ನು ಕೇಳಬೇಕಾಗಿಯೇ ಇಲ್ಲ. ನನಗೆ ಮೊದಲು ಬಂದದ್ದು 1.1. ಸರಿಮಾಡಿ ಸ್ಕ್ರೂ ಬಿಗಿದರೆ ಮತ್ತೆ 0.4 ಆಯಿತು, ಸ್ಕ್ರೂ ತಿರುಗುತ್ತ ಆಕ್ಷನ್ನನ್ನೂ ಜತೆಗೆ ಎಳೆದಿತ್ತು. ಬಿಗಿದ ಮೇಲೂ ಒಮ್ಮೆ ಅಳೆಯಲೇಬೇಕು.

ಇಷ್ಟೆಲ್ಲ ಮಾಡಿ ಏನು ಸಿಕ್ಕಿತು? .22 ಗುಂಡು 50 ಮೀಟರಿಗೆ ಸುಮಾರು 13 ಸೆಂಟಿಮೀಟರ್ ಇಳಿಯುತ್ತದೆ. ಹಾಗಾಗಿ ಒಂದು ಡಿಗ್ರಿ ವಾಲಿದರೆ ಗುಂಡು ಪಕ್ಕಕ್ಕೆ ಸುಮಾರು 2.3 ಮಿಲಿಮೀಟರ್ ಸರಿಯುತ್ತದೆ. ಹತ್ತು ಅಂಕದ ವೃತ್ತದ ವ್ಯಾಸವೇ 10.4. ಅದೂ ಪ್ರತಿ ಹೊಡೆತಕ್ಕೂ ಅಷ್ಟೇ ವಾಲಿದರೆ ಸೈಟಿನ ಕೆಲವೇ ಕ್ಲಿಕ್ಕಿನಲ್ಲಿ ಸರಿಹೋಗುತ್ತದೆ. ಬೇಕೆಂದೇ ರೈಫಲ್ ವಾಲಿಸಿ ಹಿಡಿಯುವ ಒಳ್ಳೆಯ ಶೂಟರುಗಳಿದ್ದಾರೆ. ನನ್ನ ಅಂಕ ತಿಂದದ್ದು ವಾಲುವಿಕೆಯಲ್ಲ, ಜುಲೈಯ ಆ 0.09, ಅದು ದಿನಕ್ಕೊಂದು ಥರ ಬದಲಾಗುತ್ತಿತ್ತು. ರಸಮಟ್ಟದ ಹಿಂದೆ ಬಿದ್ದು ಕಳೆದ ಮೂರು ಭಾನುವಾರಗಳನ್ನು ಡಯಲ್ ಗೇಜಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾಸಿ. ಮರದ್ದನ್ನು ಮಾರುವುದಿಲ್ಲ. ಡಿಸೆಂಬರಿನ ಬೆಳಗ್ಗೆ ಏಳಕ್ಕೆ ಬಾಲೇವಾಡಿಯಲ್ಲಿ ಮಲಗಿದಾಗ ಅಲ್ಯೂಮಿನಿಯಂ ಕೊರೆಯುತ್ತದೆ. ಎಡಗೈಗೆ ಗ್ಲೌಸ್ ಉಂಟು, ಕೆನ್ನೆಗೆ ಏನು ಹಾಕುವುದು?