ಕಾಗದದ ಮಿಲ್‌ಗೆ ಶೂ ಪ್ರೆಸ್ಸೋ, ಹೊಟ್ಟಿನ ಬಾಯ್ಲರೋ?

ನಿಯಮ ಬದಲಾಗಿದೆ. 2012ರಲ್ಲಿ ಶುರುವಾದ ಪ್ಯಾಟ್, ಅಂದರೆ ಕೈಗಾರಿಕೆಗಳ ಇಂಧನ ಉಳಿತಾಯಕ್ಕೆ ಕೇಂದ್ರ ತಂದ ಯೋಜನೆ, ಟನ್ ಕಾಗದಕ್ಕೆ ಎಷ್ಟು ಇಂಧನಶಕ್ತಿ ಎಂದು ಕೇಳುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಹೊರಡಿಸಿದ ಗುರಿಗಳು ಟನ್ ಕಾಗದಕ್ಕೆ ಎಷ್ಟು ಇಂಗಾಲ ಎಂದು ಕೇಳುತ್ತವೆ. ಎಷ್ಟು ಇಳಿಯಿತೆಂದು ಹೋಲಿಸುವುದು 2023-24ರ ಮಟ್ಟಕ್ಕೆ. ಗುರಿ ಮೀರಿ ಇಳಿಸಿದರೆ ಮಾರಬಹುದಾದ ಇಂಗಾಲದ ಕ್ರೆಡಿಟ್ ಸಿಗುತ್ತದೆ, ತಪ್ಪಿದರೆ ಕೊಳ್ಳಬೇಕು.

ದುಡ್ಡು ಒಂದಕ್ಕೇ ಸಾಕಾಗುವುದಾದರೆ ಯಾವುದಕ್ಕೆ ಹಾಕಬೇಕು: ಹಾಳೆಯ ನೀರು ಹಿಂಡುವ ಶೂ ಪ್ರೆಸ್‌ಗೋ, ಕಲ್ಲಿದ್ದಲಿನ ಬದಲು ಭತ್ತದ ಹೊಟ್ಟು ಸುಡುವ ಬಾಯ್ಲರ್‌ಗೋ?

ಹೊಟ್ಟಿನ ಬಾಯ್ಲರ್ ಇಂಗಾಲದ ಅಂಕಿಯನ್ನು ಬೇಗ ಇಳಿಸುತ್ತದೆ. ಭತ್ತದ ಹೊಟ್ಟು ಸುಟ್ಟಾಗ ಬರುವ ಇಂಗಾಲವನ್ನು ಕಲ್ಲಿದ್ದಲಿನದರ ಹಾಗೆ ಎಣಿಸುವುದಿಲ್ಲ. ಆದರೆ ಕಷ್ಟವೂ ಜಾಸ್ತಿ. ಹೊಟ್ಟು ಹಗುರ, ರಾಶಿ ಹಾಕಲು ದೊಡ್ಡ ಜಾಗ ಬೇಕು. ಸುಟ್ಟ ಮೇಲೆ ಐದರಲ್ಲೊಂದು ಪಾಲು ಬೂದಿಯೇ, ಅದೂ ಸಿಲಿಕಾ ತುಂಬಿದ್ದು, ಟ್ಯೂಬ್ ಸವೆಸುತ್ತದೆ. ಸುಗ್ಗಿ ಮುಗಿದ ಮೇಲಿನ ರೇಟು ಕೇಳಲೇಬೇಡಿ. ಚಿಮಣಿಯ ಧೂಳಿಗೆ ಮಾಲಿನ್ಯ ಮಂಡಳಿಯ ಮಿತಿ ಬೇರೆ ಇದೆ.

ಶೂ ಪ್ರೆಸ್ ಕೆಲಸ ಸರಳ. ಒದ್ದೆ ಹಾಳೆಯನ್ನು ಅಗಲವಾಗಿ, ಜಾಸ್ತಿ ಹೊತ್ತು ಒತ್ತಿ ನೀರು ಹಿಂಡುತ್ತದೆ. ಹಾಳೆಯ ಒಣಗುವಿಕೆ ಶೇ 1 ಏರಿದರೆ ಡ್ರೈಯರ್‌ನ ಹಬೆಯಲ್ಲಿ ಸುಮಾರು ಶೇ 4 ಉಳಿತಾಯವಾಗುತ್ತದೆ. ಒಲೆಗೆ ಏನೇ ಹಾಕಿದರೂ ಈ ಉಳಿತಾಯ ನಿಮ್ಮದೇ ಅಲ್ವಾ? ಯಂತ್ರ ಮಾತ್ರ ದುಬಾರಿ. ಹಳೆಯ ಮಷೀನಿನ ಚೌಕಟ್ಟು ತಡೆಯುತ್ತದೆಯೇ ಎಂದು ಮೊದಲೇ ನೋಡಿಸಿ.

ನನ್ನ ಮತ ಪ್ರೆಸ್‌ಗೆ. ಹಬೆ ಕಡಿಮೆ ಸಾಕಾದರೆ ಮುಂದೆ ಕೊಳ್ಳುವ ಬಾಯ್ಲರೂ ಚಿಕ್ಕದಾಗುತ್ತದೆ. ಅಕ್ಕಿ ಗಿರಣಿ ಪಕ್ಕದಲ್ಲೇ ಇದ್ದು, ಈಗಿನ ಬಾಯ್ಲರ್ ಹೇಗೂ ಬದಲಿಸಬೇಕಿದ್ದರೆ ಮಾತ್ರ ಹೊಟ್ಟು ಮೊದಲು.